ಕಣ್ಣಿನ ಗಾಯವೂ ಯಂತ್ರಶಿಲ್ಪವೂ



ವಯಸ್ಸಾದವರ ಕಣ್ಣಿನ ಪೊರೆಯನ್ನು ತೆಗೆದು, ಅದರ ಸ್ಥಾನದಲ್ಲಿ ಕೃತಕವಾದೊಂದು ಮಸೂರವನ್ನು ಇರಿಸುವ ಶಸ್ತ್ರಚಿಕಿತ್ಸೆ ಈಗ ಮನೆಮಾತಾಗಿದೆ. ಬೆಳಗ್ಗೆ ಆಸ್ಪತ್ರೆಗೆ ಹೋದ ಅಜ್ಜಿ ಸಂಜೆಗೆ ಮನೆಗೆ ಬಂದು, ಮರುದಿನ ಗೋಡೆಯ ಗಡಿಯಾರವನ್ನು ನೋಡಿ ಹೊತ್ತು ಹೇಳುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇಷ್ಟು ಸುಲಭವಾಗಿ ತೋರುವ ಈ ಕೆಲಸದ ಹಿಂದೆ ಕೆಟ್ಟುಹೋದ ಕಣ್ಣುಗಳ ದೀರ್ಘವಾದ ಚರಿತ್ರೆಯೊಂದಿರುವುದು ಅಷ್ಟಾಗಿ ತಿಳಿದ ವಿಷಯವಲ್ಲ. ಶಸ್ತ್ರವೈದ್ಯರ ಕೈಯಲ್ಲಿ ಉಂಟಾದ ಉಪದ್ರವಗಳೂ, ಯುದ್ಧದಲ್ಲಿ ಆದ ಗಾಯಗಳೂ ಯಂತ್ರಶಿಲ್ಪಿಗಳಿಗೂ ರಸಾಯನಶಾಸ್ತ್ರಜ್ಞರಿಗೂ ಹೇಗೆ ಪಾಠವಾದುವು, ಆ ಪಾಠವನ್ನು ಕಲಿಯುವುದಕ್ಕೆ ಏನು ಬೇಕಾಯಿತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಕಣ್ಣಿನ ರಚನೆಯನ್ನು ಸ್ವಲ್ಪ ನೆನೆಯುವುದು ಅಗತ್ಯ. ಕಣ್ಣಿನ ಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿದೆ. ಅದರ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿ ಪಾರದರ್ಶಕವಾಗಿರುವುದೇ ಕಾರ್ನಿಯಾ. ಅದರ ಹಿಂದೆ ತಿಳಿನೀರಿನಂಥ ದ್ರವ ತುಂಬಿದ, ಸುಮಾರು 3 ಮಿಲಿಮೀಟರ್ ಆಳದ ಕೋಣೆಯಿದೆ. ಆಮೇಲೆ ಪಾಪೆ, ಪಾಪೆಯ ಹಿಂದೆ ತೀರ ತೆಳುವಾದ ಚೀಲವೊಂದರಲ್ಲಿ ಕುಳಿತಿರುವುದು ಮಸೂರ. ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಕೂಡಿಸುವ ಕಣ್ಣಿನ ಶಕ್ತಿ ಒಟ್ಟು ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೆಯ ಎರಡು ಪಾಲು ಕಾರ್ನಿಯಾದ್ದು, ಉಳಿದ ಒಂದು ಪಾಲು ಮಸೂರದ್ದು. ಪೊರೆಯೆಂಬ ಹೆಸರನ್ನು ಕೇಳಿ, ಅದು ಕಣ್ಣಿನ ಮೇಲೆ ಬೆಳೆದ ತೊಗಲೆಂದು ಭಾವಿಸುವುದುಂಟು. ವಾಸ್ತವವಾಗಿ ಮಬ್ಬಾಗುವುದು ಒಳಗಿನ ಆ ಮಸೂರವೇ.

ಮಬ್ಬಾದ ಮಸೂರವನ್ನು ಬೆಳಕಿನ ದಾರಿಯಿಂದ ಸರಿಸುವ ವಿಧಾನವನ್ನು ಸುಶ್ರುತಸಂಹಿತೆ ವರ್ಣಿಸುತ್ತದೆ. ಮೊನಚಾದ ಶಲಾಕೆಯನ್ನು ಕಣ್ಣಿನ ಪಕ್ಕದಿಂದ ಚುಚ್ಚಿ ದೋಷವನ್ನು ಸರಿಸುವುದೇ ಆ ವಿಧಾನ. ಅನಂತರದ ಕಾಲದಲ್ಲಿ ಪ್ರಪಂಚದ ಬಹುಭಾಗದಲ್ಲಿ ಬಳಕೆಯಲ್ಲಿದ್ದ ಈ ಬಗೆಯ ಚಿಕಿತ್ಸೆಯಿಂದ ರೋಗಿಗೆ ತತ್‌ಕ್ಷಣ ಬೆಳಕು ಕಾಣುತ್ತಿದ್ದುದು ನಿಜ. ಆದರೆ ಮಸೂರ ಕಣ್ಣಿನೊಳಗೇ ಬಿದ್ದಿರುತ್ತಿದ್ದುದರಿಂದ ಉರಿಯೂತವೂ ಒತ್ತಡದ ಏರಿಕೆಯೂ ಉಂಟಾಗಿ, ಬಂದ ದೃಷ್ಟಿ ಎಷ್ಟೋ ಮಂದಿಗೆ ಕೆಲವೇ ತಿಂಗಳುಗಳಲ್ಲಿ ಹೊರಟುಹೋಗುತ್ತಿತ್ತು. ಚಿಕಿತ್ಸೆ ಮಾಡಿದವನು ಅಷ್ಟರಲ್ಲಿ ಬೇರೆ ಊರನ್ನು ಸೇರಿದ್ದರೆ ಆ ಹಾನಿ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾನಿಯನ್ನು ಕಾಣದವನು ತನ್ನ ವಿಧಾನವನ್ನು ತಿದ್ದುವುದೆಂತು?

1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಎಂಬ ವೈದ್ಯರು ಮಸೂರವನ್ನು ಕಣ್ಣಿನಿಂದ ಹೊರಕ್ಕೆ ತೆಗೆಯುವ ಕ್ರಮವನ್ನು ಆಚರಣೆಗೆ ತಂದರು. ಇದು ದೊಡ್ಡ ಮುನ್ನಡೆ. ಆದರೂ ಮಸೂರವಿಲ್ಲದ ಕಣ್ಣು ಬಲಗುಂದಿದ ಕಣ್ಣೇ ಸರಿ. ಆ ಕೊರತೆಯನ್ನು ತುಂಬಲು ಹತ್ತು ಡಯಾಪ್ಟರಿಗೂ ಮಿಕ್ಕಿದ ದಪ್ಪ ಗಾಜಿನ ಕನ್ನಡಕ ಬೇಕಾಗುತ್ತಿತ್ತು. ಕರ್ನಾಟಕದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನಡೆಸಿದ ಶಿಬಿರಗಳಲ್ಲಿ ಕಣ್ಣು ಪಡೆದ ಮುದುಕರನ್ನು ಬಲ್ಲವರಿಗೆ ಆ ಕನ್ನಡಕದ ನೆನಪಿದ್ದೀತು. ಕುರುಡರಾಗಿದ್ದವರಿಗೆ ಅದು ವರವೇ ಆಗಿತ್ತು. ಆದರೆ ಅದರ ಮೂಲಕ ವಸ್ತುಗಳು ಕಾಲುಪಾಲಿಗೂ ಹೆಚ್ಚು ದೊಡ್ಡದಾಗಿ ಕಾಣುತ್ತಿದ್ದುವು; ಮೆಟ್ಟಿಲು ಇರುವುದಕ್ಕಿಂತ ಹತ್ತಿರವಿದ್ದಂತೆ ತೋರುತ್ತಿತ್ತು. ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆಯಾಗಿದ್ದರೆ ಎರಡು ಕಣ್ಣುಗಳ ಬಿಂಬಗಳೂ ಹೊಂದದೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಕನ್ನಡಕ ಒಡೆದ ದಿನ ಕುರುಡು ಮರಳುತ್ತಿತ್ತು. ಮಸೂರದ ಸ್ಥಾನದಲ್ಲಿಯೇ ಇನ್ನೊಂದು ಮಸೂರವನ್ನಿಡಬಾರದೇಕೆ ಎಂದರೆ, ಹೊರಗಿನ ವಸ್ತುವನ್ನು ಕಣ್ಣು ಸೈರಿಸಲಾರದೆಂಬುದು ವೈದ್ಯರ ದೃಢವಾದ ನಂಬಿಕೆಯಾಗಿತ್ತು. ಧೂಳಿನ ಒಂದು ಕಣ ಬಿದ್ದರೆ ಕಣ್ಣು ಪಡುವ ಪಾಡು ಎಲ್ಲರಿಗೂ ಗೊತ್ತಿದ್ದುದರಿಂದ, ಈ ನಂಬಿಕೆಯನ್ನು ಪರೀಕ್ಷಿಸಹೋದವರು ಇಲ್ಲವೆನ್ನುವಷ್ಟು ವಿರಳ.

ಪರೀಕ್ಷೆಯನ್ನು ಮಾಡಿದ್ದು ಯುದ್ಧ. 1940ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಾಡುತ್ತಿದ್ದ ಗಾರ್ಡನ್ ಕ್ಲೀವರ್ ಎಂಬ ವಿಮಾನಚಾಲಕರ ಹರಿಕೇನ್ ವಿಮಾನಕ್ಕೆ ಗುಂಡು ತಗುಲಿತು. ಅವರ ತಲೆಯ ಮೇಲಿದ್ದ ಪಾರದರ್ಶಕ ಮುಚ್ಚಳ ಪರ್ಸ್‌ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನದು. ಅದು ಸಿಡಿದು ಚೂರುಗಳು ಎರಡು ಕಣ್ಣುಗಳಿಗೂ ನುಗ್ಗಿದುವು. ರಕ್ಷಣೆಯ ಕನ್ನಡಕವನ್ನು ಅವರು ಆಗ ಧರಿಸಿರಲಿಲ್ಲ. ಒಂದು ಕಣ್ಣು ಹೋಯಿತು; ಇನ್ನೊಂದು ಅನೇಕ ಶಸ್ತ್ರಚಿಕಿತ್ಸೆಗಳ ಮೇಲೆ ಉಳಿಯಿತು. ಇಂಥ ಗಾಯಾಳುಗಳನ್ನು ನೋಡುತ್ತಿದ್ದ ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿಯವರು ಒಂದು ವಿಶೇಷವನ್ನು ಗಮನಿಸಿದರು. ಪರ್ಸ್‌ಪೆಕ್ಸಿನ ಚೂರುಗಳು ಕಣ್ಣಿನೊಳಗೆ ವರ್ಷಗಟ್ಟಲೆ ಇದ್ದರೂ, ಅವುಗಳ ಹರಿತವಾದ ಅಂಚು ಸೂಕ್ಷ್ಮಭಾಗಗಳಿಗೆ ತಾಗದಿದ್ದ ಪಕ್ಷಕ್ಕೆ, ಕಣ್ಣು ಅವುಗಳನ್ನು ವಿರೋಧಿಸುತ್ತಿರಲಿಲ್ಲ. ವಿಮಾನಕ್ಕೆ ಹಗುರವಾದ ಕಿಟಕಿ ಬೇಕೆಂದು ತಯಾರಾದ ವಸ್ತು, ಗಾಯದ ಮೂಲಕ, ತನ್ನ ಇನ್ನೊಂದು ಗುಣವನ್ನು ಪ್ರಕಟಿಸಿತು.

ರಿಡ್ಲಿಯವರು ರೇನರ್ ಎಂಬ ಕಂಪೆನಿಯ ದೃಗ್ವಿಜ್ಞಾನಿ ಜಾನ್ ಪೈಕ್ ಅವರ ಜೊತೆ ಕೂಡಿ ಮಸೂರವನ್ನು ರೂಪಿಸಿದರು. ಅದಕ್ಕೆ ಬೇಕಾದ ಅತಿಶುದ್ಧ ಪರ್ಸ್‌ಪೆಕ್ಸನ್ನು ಐ.ಸಿ.ಐ. ಕಂಪೆನಿಯ ರಸಾಯನಶಾಸ್ತ್ರಜ್ಞರು ಒದಗಿಸಿದರು. 1949ನೆಯ ಇಸವಿ ನವೆಂಬರ್ 29ನೆಯ ತಾರೀಖು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಮಹಿಳೆಯೊಬ್ಬರಿಗೆ ಮೊದಲನೆಯ ಮಸೂರದ ಚಿಕಿತ್ಸೆ ಆರಂಭವಾಯಿತು. 1950ರ ಫೆಬ್ರವರಿಯಲ್ಲಿ ಅದು ಪೂರ್ಣಗೊಂಡಿತು. ಮಸೂರವೇನೋ ಕಣ್ಣಿನಲ್ಲಿ ನಿಂತಿತು. ಆದರೆ ರೋಗಿಗೆ ಸುಮಾರು ಇಪ್ಪತ್ತು ಡಯಾಪ್ಟರಿನಷ್ಟು ಸಮೀಪದೃಷ್ಟಿ ಬಂದಿತು. ಹುಟ್ಟಿನಿಂದ ಬಂದ ಮಸೂರಕ್ಕಿಂತ ಪರ್ಸ್‌ಪೆಕ್ಸ್ ಬೆಳಕನ್ನು ಹೆಚ್ಚಾಗಿ ಬಾಗಿಸುತ್ತದೆ. ಆಕಾರವನ್ನು ಅನುಕರಿಸಿದರೆ ಸಾಲದು, ಶಕ್ತಿಯನ್ನು ಲೆಕ್ಕಹಾಕಬೇಕು. ಈ ದೋಷವನ್ನು ಅಳೆದು ತಿದ್ದಿದುದರಿಂದ ಮುಂದಿನ ರೋಗಿಗಳ ಫಲ ಉತ್ತಮವಾಯಿತು.

ಆಮೇಲೆ ಬೇರೆ ಉಪದ್ರವಗಳು ತಲೆದೋರಿದುವು. ಆ ಮಸೂರ ನೂರು ಮಿಲಿಗ್ರಾಮಿಗೂ ಹೆಚ್ಚು ತೂಗುತ್ತಿದ್ದುದರಿಂದ ಕೆಲವರ ಕಣ್ಣಿನಲ್ಲಿ ಸ್ಥಾನಬಿಟ್ಟು ಜಾರುತ್ತಿತ್ತು. ಕ್ರಿಮಿಶುದ್ಧಿಗೆಂದು ಬಳಸಿದ ಔಷಧದ ಶೇಷವೇ ಉರಿಯೂತಕ್ಕೆ ಕಾರಣವಾಗುತ್ತಿತ್ತು. 1951ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನದಲ್ಲಿ ರಿಡ್ಲಿಯವರು ತಮ್ಮ ಕೆಲಸವನ್ನು ಬಹಿರಂಗಪಡಿಸಿದಾಗ, ಆ ಕಾಲದ ಅಗ್ರಗಣ್ಯ ನೇತ್ರವೈದ್ಯರಾಗಿದ್ದ ಡ್ಯೂಕ್ ಎಲ್ಡರ್ ಮೊದಲಾದವರು ಅದನ್ನು ವಿರೋಧಿಸಿದರು. ವಿರೋಧಕ್ಕೆ ಆಧಾರವಿರಲಿಲ್ಲವೆಂದು ಹೇಳಲಾಗದು. 1950ರ ದಶಕದಲ್ಲಿ ಇತರರು ಮಸೂರವನ್ನು ಪಾಪೆಯ ಮುಂದಿನ ಕೋಣೆಯಲ್ಲಿ ನಿಲ್ಲಿಸಲು ಯತ್ನಿಸಿದಾಗ ಆದ ಹಾನಿ ಇನ್ನೂ ಗಂಭೀರವಾದುದು. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲು ಜೀವಕೋಶಗಳಿವೆ. ಕಾರ್ನಿಯಾದೊಳಕ್ಕೆ ಇಳಿದ ನೀರನ್ನು ಹೊರಕ್ಕೆ ತಳ್ಳಿ ಅದನ್ನು ತಿಳಿಯಾಗಿಡುವುದೇ ಅವುಗಳ ಕೆಲಸ. ಸತ್ತ ಕೋಶಕ್ಕೆ ಬದಲಾಗಿ ಹೊಸದು ಹುಟ್ಟುವುದಿಲ್ಲ. ಮಸೂರದ ಅಂಚು ಅವುಗಳಿಗೆ ತಾಗಿ, ಚಿಕಿತ್ಸೆಯಾದ ವರ್ಷಗಳ ಮೇಲೆ ಕಾರ್ನಿಯಾವೇ ಬೆಳ್ಳಗಾದುದನ್ನು ವೈದ್ಯರು ಕಂಡರು. ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ನೋಡಿ ಬರೆದಿಟ್ಟುದರಿಂದ ಮಾತ್ರ ಈ ಹಾನಿಯ ಕಾರಣ ತಿಳಿದುಬಂತು. ಮುಂದೆ ಈ ಕೋಶಗಳನ್ನು ಜೀವಂತ ಕಣ್ಣಿನಲ್ಲಿಯೇ ಎಣಿಸುವ ಸೂಕ್ಷ್ಮದರ್ಶಕವನ್ನೂ ನಿರ್ಮಿಸಿದರು.

ಇಲ್ಲಿಂದ ಮುಂದಿನ ಚರಿತ್ರೆಯಲ್ಲಿ ಪ್ರತಿಯೊಂದು ಉಪದ್ರವಕ್ಕೂ ಒಂದೊಂದು ಶಿಲ್ಪ ಉತ್ತರವಾಗಿ ಬಂದಿದೆ. ಹಿಂದೆ ಮಸೂರವನ್ನು ಇಡಿಯಾಗಿ ತೆಗೆಯಲು ಹತ್ತು ಮಿಲಿಮೀಟರಿಗೂ ಮೇಲ್ಪಟ್ಟ ಗಾಯ ಬೇಕಾಗಿ, ಹೊಲಿಗೆ ಹಾಕಿ ರೋಗಿಯನ್ನು ದಿನಗಟ್ಟಲೆ ಅಲುಗದಂತೆ ಮಲಗಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಲ್ಮನ್ ಎಂಬ ವೈದ್ಯರು, ಹಲ್ಲುಗಳ ಮೇಲಣ ಕಿಟ್ಟವನ್ನು ತೆಗೆಯುವ ದಂತವೈದ್ಯರ ಉಪಕರಣದಿಂದ ಸೂಚನೆ ಪಡೆದು, 1967ರಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಂಪಿಸುವ ಟೊಳ್ಳು ಸೂಜಿಯಿಂದ ಮಸೂರವನ್ನು ಪುಡಿಮಾಡಿ ಹೀರುವ ಕ್ರಮವನ್ನು ಮನುಷ್ಯರ ಕಣ್ಣಿನಲ್ಲಿ ಪ್ರಯೋಗಿಸಿದರು. ಗಾಯ ಚಿಕ್ಕದಾಯಿತು, ಆದರೆ ಕಂಪನದ ಕಾವು ಅಂಚನ್ನು ಸುಡುತ್ತಿತ್ತು, ಒಳಗಣ ಒತ್ತಡ ಥಟ್ಟನೆ ಕುಸಿದಾಗ ಮಸೂರದ ಚೀಲ ಹರಿಯುತ್ತಿತ್ತು. ಆ ಚೀಲದ ಹಿಂಗೋಡೆ ಮಿಲಿಮೀಟರಿನ ಸಾವಿರದ ಕೆಲವೇ ಪಾಲು ದಪ್ಪ. ಆದ್ದರಿಂದ ದ್ರವ ಒಳಕ್ಕೆ ಬರುವ ವೇಗವನ್ನೂ ಹೊರಕ್ಕೆ ಹೋಗುವ ವೇಗವನ್ನೂ ಸರಿದೂಗಿಸುವ ಪಂಪುಗಳನ್ನು ಯಂತ್ರಶಿಲ್ಪಿಗಳು ರಚಿಸಿದರು. ಕೋಶಗಳ ಸಾಲನ್ನು ಕಾಪಾಡಲು, ಕೋಳಿಯ ಜುಟ್ಟಿನಿಂದ ತೆಗೆದ ಹಯಲುರೋನೇಟ್ ಎಂಬ ಲೋಳೆಯಂಥ ದ್ರವ್ಯವನ್ನು ಕೋಣೆಯಲ್ಲಿ ತುಂಬುವ ಪದ್ಧತಿ ಬಂದಿತು. ಮೃದುವಾದ ವಸ್ತುಗಳಿಂದ ಮಡಿಸಬಹುದಾದ ಮಸೂರ ತಯಾರಾಯಿತು. ಮೂರು ಮಿಲಿಮೀಟರಿಗೂ ಕಿರಿದಾದ ಗಾಯದಲ್ಲಿ ತೂರಿಸಿದರೆ ಒಳಗೆ ಹೋಗಿ ಅರಳುತ್ತದೆ. ಚಿಕಿತ್ಸೆಯ ಅನಂತರ ಚೀಲ ಮತ್ತೆ ಮಬ್ಬಾಗುವ ತೊಂದರೆಯನ್ನು, ಮಸೂರದ ಅಂಚನ್ನು ಗುಂಡಾಗಿಡದೆ ಚೌಕವಾಗಿ ಕಡೆಯುವುದರಿಂದ ಬಹಳ ಮಟ್ಟಿಗೆ ತಗ್ಗಿಸಿದರು. ಕಣ್ಣಿನ ಉದ್ದವನ್ನು ಅಳೆಯುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಮಸೂರದ ಶಕ್ತಿಯಲ್ಲಿ ಎರಡೂವರೆ ಡಯಾಪ್ಟರಿನಷ್ಟು ವ್ಯತ್ಯಾಸವಾಗುವುದರಿಂದ, ಶಬ್ದತರಂಗಗಳಿಂದಲೂ ಬೆಳಕಿನಿಂದಲೂ ಅಳೆಯುವ ಉಪಕರಣಗಳು ಬಂದುವು.

ಇವೆಲ್ಲ ಇದ್ದರೂ ಬಡವನಿಗೆ ಎಟಕುವಂತಿರದಿದ್ದರೆ ಪ್ರಯೋಜನವೇನು? ಮದುರೆಯಲ್ಲಿ ಡಾಕ್ಟರ್ ಜಿ. ವೆಂಕಟಸ್ವಾಮಿಯವರು 1976ರಲ್ಲಿ ಸ್ಥಾಪಿಸಿದ ಅರವಿಂದ ಕಣ್ಣಾಸ್ಪತ್ರೆಯ ಆಶ್ರಯದಲ್ಲಿ 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆ ಮಸೂರಗಳ ತಯಾರಿಕೆಗೆ ತೊಡಗಿತು. ಹೊರದೇಶದಿಂದ ಬರುತ್ತಿದ್ದುದರ ಬೆಲೆಯ ಸಣ್ಣದೊಂದು ಪಾಲಿಗೆ ಅವು ದೊರೆಯುವಂತಾದುವು. ದಪ್ಪ ಕನ್ನಡಕ ನಮ್ಮ ಹಳ್ಳಿಗಳಿಂದ ಮರೆಯಾಗುತ್ತ ಬಂದುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಇನ್ನು ಶ್ರೋತೃಗಳು ಮನೆಯಲ್ಲಿ ನೆನಪಿಡಬೇಕಾದ ಕೆಲವು ಸಂಗತಿಗಳು. ಪೊರೆಯ ಚಿಕಿತ್ಸೆ ಈಗ ಬಹುಮಟ್ಟಿಗೆ ನಿರಪಾಯವಾಗಿದ್ದರೂ, ಕಣ್ಣಿನೊಳಕ್ಕೆ ರೋಗಾಣು ಹೊಕ್ಕರೆ ಒಂದೆರಡು ದಿನಗಳಲ್ಲಿ ದೃಷ್ಟಿಯೇ ಹೋಗಬಹುದು. ಚಿಕಿತ್ಸೆಯ ಕೊನೆಯಲ್ಲಿ ಸೆಫುರಾಕ್ಸಿಮ್ ಎಂಬ ಔಷಧವನ್ನು ಕಣ್ಣಿನೊಳಗೇ ಬಿಡುವುದರಿಂದ ಈ ಅಪಾಯ ಸುಮಾರು ಐದನೆಯ ಒಂದು ಪಾಲಿಗೆ ಇಳಿಯಿತೆಂದು ಯೂರೋಪಿನ ವೈದ್ಯರು 2007ರಲ್ಲಿ ಪ್ರಕಟಿಸಿದರು. ಅಪಾಯ ಇಳಿಯಿತೇ ಹೊರತು ಅಳಿಯಲಿಲ್ಲ. ಚಿಕಿತ್ಸೆಯಾದ ಮೇಲೆ ನೋವು ಹೆಚ್ಚುತ್ತಿದ್ದರೆ, ಕೆಂಪು ಏರುತ್ತಿದ್ದರೆ, ಕಂಡ ದೃಷ್ಟಿ ಮತ್ತೆ ಮಂಕಾದರೆ, ಮಿಂಚು ಹೊಳೆದಂತೆಯೋ ಪರದೆ ಇಳಿದಂತೆಯೋ ತೋರಿದರೆ, ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳಿಗೆ ತೊಂದರೆಯಾದೀತೆಂದು ನೋವನ್ನು ನುಂಗಿಕೊಳ್ಳುವ ಹಿರಿಯರು ನಮ್ಮಲ್ಲಿ ಬಹುಮಂದಿ. ಅವರನ್ನು ನಾವಾಗಿಯೇ ಕೇಳಬೇಕು.

ಗಾಯಗಳ ವಿಷಯವೂ ಹಾಗೆಯೇ. ಸುಣ್ಣವಾಗಲಿ ಆಮ್ಲವಾಗಲಿ ಕಣ್ಣಿಗೆ ಬಿದ್ದರೆ, ಮೊದಲ ಚಿಕಿತ್ಸೆ ನೀರು. ಕಾಲುಗಂಟೆಗೆ ಕಡಿಮೆಯಿಲ್ಲದಂತೆ ಧಾರೆಯಾಗಿ ತೊಳೆದು ಆಮೇಲೆ ಆಸ್ಪತ್ರೆಗೆ ಹೊರಡಬೇಕು. ಪಟಾಕಿಯ ಚೂರೋ ಲೋಹದ ಸಿಡಿಯೋ ಕಣ್ಣಿಗೆ ನಾಟಿದ್ದರೆ ತೊಳೆಯಕೂಡದು, ಉಜ್ಜಕೂಡದು, ಕೀಳಕೂಡದು. ಒತ್ತಡ ಬೀಳದಂತೆ ಕಾಗದದ ಲೋಟವೊಂದನ್ನು ಮರೆಹಿಡಿದು ಕರೆದೊಯ್ಯಬೇಕು. ಸುತ್ತಿಗೆ, ಉಳಿ, ಲೇತುಗಳೊಂದಿಗೆ ಕೆಲಸಮಾಡುವವರಿಗೆ ಪಾಲಿಕಾರ್ಬೊನೇಟಿನ ರಕ್ಷಣಾಕನ್ನಡಕ ದೊರೆಯುತ್ತದೆ. ಅದರ ಬೆಲೆ ಒಂದು ಹೊತ್ತಿನ ಊಟದ ಬೆಲೆಗಿಂತ ಬಹಳ ಹೆಚ್ಚೇನೂ ಅಲ್ಲ.

ರಿಡ್ಲಿಯವರಿಗೆ ಮನ್ನಣೆ ತಡವಾಗಿ ಬಂದಿತು. 1986ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು, 2000ದಲ್ಲಿ ಸರ್ ಪದವಿ ಬಂದಿತು, ಮರುವರ್ಷ ತೀರಿಕೊಂಡರು. ಕ್ಲೀವರರ ಉಳಿದೊಂದು ಕಣ್ಣಿಗೂ ವೃದ್ಧಾಪ್ಯದಲ್ಲಿ ಪೊರೆ ಬಂದು, ಅವರ ಗಾಯದಿಂದಲೇ ಹುಟ್ಟಿದ ಮಸೂರ ಆ ಕಣ್ಣನ್ನು ಸೇರಿತು. ತನ್ನ ಕೈಯಿಂದ ಕೆಟ್ಟ ಕಣ್ಣನ್ನು ಮರೆಮಾಡದೆ ಬರೆದಿಟ್ಟ ವೈದ್ಯನೂ, ಆ ಬರಹವನ್ನು ಓದಿ ಉಪಕರಣವನ್ನು ತಿದ್ದಿದ ಶಿಲ್ಪಿಯೂ ಇಲ್ಲದಿದ್ದರೆ ನಮ್ಮ ಅಜ್ಜಿಗೆ ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಆದಕಾರಣ, ಚಿಕಿತ್ಸೆಗೆ ಮುನ್ನ ನಾವು ವೈದ್ಯರನ್ನು ಕೇಳುವಾಗ, ಎಷ್ಟು ಕಣ್ಣುಗಳು ಸರಿಹೋದುವೆಂಬುದರ ಜೊತೆಗೆ, ಸರಿಹೋಗದಿದ್ದುವು ಎಷ್ಟು, ಅವುಗಳಿಗೆ ಏನು ಮಾಡಿದಿರಿ ಎಂಬುದನ್ನೂ ವಿನಯದಿಂದ ಕೇಳುವುದು ಯುಕ್ತ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಬೇಸರಪಡುವುದಿಲ್ಲವೆಂದು ನಂಬಿ, ಈ ಭಾಷಣವನ್ನು ಇಲ್ಲಿಗೆ ಮುಗಿಸುತ್ತೇವೆ.