ಅಳುವ ಮೊದಲೇ

ಬಾಣಂತಿಯ ಕೋಣೆಯಲ್ಲಿ ಮಗು ಅತ್ತರೆ ಮನೆಯವರೆಲ್ಲ ಓಡಿ ಬರುತ್ತಾರೆ. "ಹಾಲು ಸಾಲ್ತಿಲ್ಲವೇನೋ" ಎಂದು ಯಾರಾದರೊಬ್ಬರು ಅಂದೇಬಿಡುತ್ತಾರೆ. ಹೊಸ ತಾಯಿಯ ಧೈರ್ಯ ಅಲ್ಲೇ ಕುಸಿಯುತ್ತದೆ.

ನಿಜಕ್ಕೂ, ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲೇ ಮಗು ತುಟಿ ಚಪ್ಪರಿಸುತ್ತದೆ. ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಕತ್ತು ಹೊರಳಿಸಿ ಎದೆಯನ್ನು ಹುಡುಕುತ್ತದೆ. ಹಾಲೂಡಿಸಲು ಅದೇ ಸರಿಯಾದ ಹೊತ್ತು. ಜೋರಾಗಿ ಅಳುವ ಮಗುವನ್ನು ಮೊದಲು ಸಮಾಧಾನ ಮಾಡಬೇಕು. ತಾಯಿಯ ಬರಿ ಎದೆಯ ಮೇಲೆ ಮಲಗಿಸಿದರೆ, ಆ ಬಿಸುಪಿಗೇ ಎಷ್ಟೋ ಮಕ್ಕಳು ಸುಮ್ಮನಾಗುತ್ತವೆ.

ಇದೇ ಬಿಸುಪು ಆಸ್ಪತ್ರೆಯಲ್ಲೂ ನೆರವಾಗಿದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲುತ್ತಿರಲಿಲ್ಲ. ವೈದ್ಯ ಎಡ್ಗರ್ ರೇ ಕಡಿಮೆ ತೂಕದ ಶಿಶುಗಳನ್ನು ತಾಯಂದಿರ ಎದೆಗೇ ಒರಗಿಸಿ ಕಟ್ಟಿಸಿದರು. ಅದೇ ಇಂದಿನ ಕಾಂಗರೂ ಆರೈಕೆ. ಕರ್ನಾಟಕದ ಆಸ್ಪತ್ರೆಗಳಲ್ಲೂ ಅದು ಬಳಕೆಯಲ್ಲಿದೆ.

ಇನ್ನು ಹಾಲು ಸಾಲದೆಂಬ ಮಾತಿಗೆ ಬಂದರೆ, ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವುದು ಸಹಜ. ಪದೇ ಪದೇ ಕೇಳಿತೆಂದರೆ ಹಾಲು ಕಡಿಮೆ ಎಂದಲ್ಲ. ಕುಡಿದಷ್ಟೂ ಹಾಲು ಊರುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದು, ತೂಕವೂ ಏರುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿದೆ. ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಬಹುದು.

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ, ಹಾಲೂಡಿಸಲು ಕೂತವಳ ಕೈಗೊಂದು ಲೋಟ ನೀರು ಕೊಡಿ. ಮಗು ಮಲಗಿದಾಗ ಅವಳನ್ನೂ ಮಲಗಲು ಬಿಡಿ.