ಬರೀ ಎಂಬಿಬಿಎಸ್ಸಾ?
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿಇ ಓದಿದವನಿಗೆ ಡಾಕ್ಟರ್ ಓದಿನ ಮಾತೇಕೆ ಎಂದು ನೀವು ಕೇಳಬಹುದು. ಇಂಜಿನಿಯರ್ ಆಗುವ ದಾರಿ ಈ ಊರಿಗೆ ಚೆನ್ನಾಗಿ ಗೊತ್ತು; ಕೇರಿಗೆ ನಾಲ್ಕು ಜನ ಇದ್ದೇವೆ. ಡಾಕ್ಟರ್ ದಾರಿ ಗೊತ್ತಿರುವವರು ಕಡಿಮೆ. ಇದೇ ಶಾಲೆಯ ನನ್ನ ಚಿಕ್ಕಪ್ಪನ ಮಗಳು ಆ ದಾರಿ ಹಿಡಿದಳು. ಅವಳ ಅರ್ಜಿಗಳನ್ನೆಲ್ಲ ತುಂಬಿದವನು ನಾನು.

ಎಂಬಿಬಿಎಸ್ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅದು ಮುಗಿದ ಮೇಲೆ ಅವಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ವೈದ್ಯೆಯಾದಳು. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಇಂಥ ಒಂದು ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಅಲ್ಲಿಗೆ ಒಬ್ಬ ಅಜ್ಜ ಬರುತ್ತಿದ್ದರು. ಬಿಪಿಗೆ ಒಬ್ಬ ಡಾಕ್ಟರ ಮಾತ್ರೆ, ಶುಗರ್‌ಗೆ ಇನ್ನೊಬ್ಬರದು, ಮಂಡಿನೋವಿಗೆ ಮೆಡಿಕಲ್ ಅಂಗಡಿಯವನು ಕೊಟ್ಟದ್ದು. ಇವಳು ಚೀಲ ಬಿಚ್ಚಿಸಿ ಎಲ್ಲವನ್ನೂ ಮೇಜಿನ ಮೇಲೆ ಹರವಿ ನೋಡಿದಳು. ಆ ನೋವಿನ ಮಾತ್ರೆಯಂಥವು ಬಿಪಿ ಏರಿಸುತ್ತವೆ, ದಿನಾ ನುಂಗಿದರೆ ಕಿಡ್ನಿಗೂ ಪೆಟ್ಟು. ಅದನ್ನು ನಿಲ್ಲಿಸಿದ್ದೇ ಚಿಕಿತ್ಸೆಯ ಅರ್ಧ ಭಾಗವಾಯಿತು. ಮೂರು ರೋಗಕ್ಕೆ ಮೂವರು ತಜ್ಞರಿದ್ದರೂ ಇಡೀ ಮನುಷ್ಯನನ್ನು ನೋಡಲು ಒಬ್ಬರು ಬೇಕಲ್ಲ? ಅವರೇ ಫ್ಯಾಮಿಲಿ ಡಾಕ್ಟರ್.

ಮದುವೆಮನೆಗಳಲ್ಲಿ ಮಾತ್ರ ಅವಳಿಗೆ ಒಂದೇ ಪ್ರಶ್ನೆ: "ಬರೀ ಎಂಬಿಬಿಎಸ್ಸಾ? ಮುಂದೇನೂ ಓದಲಿಲ್ವಾ?" ನಮ್ಮ ಈ ಪ್ರಶ್ನೆಯೇ ಎಷ್ಟೋ ಡಾಕ್ಟರುಗಳನ್ನು ಹಳ್ಳಿಯಿಂದ ಓಡಿಸಿದೆ ಎಂದು ನನ್ನ ಅನಿಸಿಕೆ. ಅವಳು ಮುಂದೆ ಓದಿದಳು, ಆದರೆ ಹೃದಯವನ್ನೋ ಚರ್ಮವನ್ನೋ ಆರಿಸಲಿಲ್ಲ. ಫ್ಯಾಮಿಲಿ ಮೆಡಿಸಿನ್‌ನಲ್ಲೇ ಡಿಎನ್‌ಬಿ ಎಂಬ ಮೂರು ವರ್ಷದ ಸ್ನಾತಕೋತ್ತರ ಓದಿದೆ. ಮೆಡಿಸಿನ್, ಹೆರಿಗೆ, ಮಕ್ಕಳು, ಶಸ್ತ್ರಚಿಕಿತ್ಸೆ, ಹೀಗೆ ಹಲವು ವಿಭಾಗಗಳಲ್ಲಿ ಕೆಲಸ ಕಲಿಯಬೇಕು. ಯಾವುದನ್ನು ತಾನೇ ನೋಡಬಹುದು, ಯಾವುದನ್ನು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂಬ ವಿವೇಚನೆ ಅಲ್ಲಿ ಪಳಗುತ್ತದೆ. ಈಗ ಅವಳು ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ಇಟ್ಟಿದ್ದಾಳೆ.

ಅವಳ ಕಾಲಕ್ಕೆ ಸಿಇಟಿ ಇತ್ತು, ಈಗ ನೀಟ್. ಒಟ್ಟು 720 ಅಂಕ, ಅದರಲ್ಲಿ ಜೀವಶಾಸ್ತ್ರಕ್ಕೇ 360. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅರ್ಜಿ ಹಾಕುವಾಗಲೇ ಭಾಷೆ ಆರಿಸಿಕೊಳ್ಳಬೇಕು. ನಮ್ಮ ರಾಜ್ಯದ ಸರ್ಕಾರಿ ಕೋಟಾದ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಓದನ್ನೇ ನೋಡುತ್ತಾರೆ. ಅಂದರೆ ನೀವು ಕುಳಿತಿರುವ ಈ ಬೆಂಚಿಗೇ ಅಲ್ಲಿ ಬೆಲೆಯಿದೆ.

ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಅವರ ಮೇಲುರುಜು ಬೇಕು. ಕೌನ್ಸೆಲಿಂಗ್ ಹತ್ತಿರ ಬಂದಾಗ ಪ್ರೈಮರಿ ಶಾಲೆ, ಹೈಸ್ಕೂಲು, ಕಚೇರಿ ಎಂದು ನಾವು ನಾಲ್ಕು ದಿನ ಸುತ್ತಿದೆವು. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ: ಹತ್ತನೇ ತರಗತಿ ಮುಗಿಸಿ ಟಿಸಿ ಒಯ್ಯಲು ಬರುವ ಪ್ರತಿ ಮಗುವಿಗೂ ಆ ಪತ್ರದ ನಮೂನೆಯನ್ನು ಜೊತೆಗೇ ಕೊಡಿಸಿ. ನಮೂನೆಗಳನ್ನು ಮುದ್ರಿಸಿ ತರುವ ಕೆಲಸ ನನ್ನದು.