ಜೋಳದ ಸುಗ್ಗಿಗೆ ಬರಬೇಕಾದ ಸಾಲ



ಮೇಳದ ಸಂಘಟಕರು ನನ್ನ ಮಾತಿಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅತ್ತ ಮಿರ್ಚಿಗೆ ಇಟ್ಟ ಎಣ್ಣೆ ಕಾದಿದೆ, ಗಿರಾಕಿಗಳೆಲ್ಲ ಇಲ್ಲಿ ಕೂತಿದ್ದಾರೆ. ನಾನು ಮಾತು ಬೆಳೆಸಿದಷ್ಟೂ ಮಳಿಗೆ ಹೂಡಿರುವ ನಿಮಗೇ ನಷ್ಟ.

ಗದಗಿನಲ್ಲಿ ನಿಂತು ಸಾಲದ ಮಾತಾಡುವವರು ಕಣಗಿನಹಾಳವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಪಕ್ಕದ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದು ಆಗಿನ್ನೂ ಒಂದು ವರ್ಷ. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂಬ ಹೆಸರು ಅದಕ್ಕಿದೆ. ಯಾರ ಹೊಲ ಎಂಥದು, ಯಾರ ಮಾತು ಎಂಥದು ಎಂಬುದು ಊರವರಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಜಾಮೀನು ಬೇಕಿರಲಿಲ್ಲ.

ಅತ್ತ ಕರಾವಳಿಯಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ. ಏಜೆಂಟು ಬಾಗಿಲಿಗೇ ಬಂದು ಇಸಿದುಕೊಂಡು ಚೀಟಿ ಕೊಡುತ್ತಿದ್ದ. ಎಲ್ಲರೂ ಇದನ್ನು ಉಳಿತಾಯದ ಕತೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ದಿನಾ ಬಂದು ಹೋಗುವ ಆ ಏಜೆಂಟನಿಗೆ ಯಾವ ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಯಾವುದು ಸೊರಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತಿತ್ತು. ಇವತ್ತಿನ ಸಿಬಿಲ್ ಅಂಕಕ್ಕೆ ಆ ಕಣ್ಣಿಲ್ಲ.

ಈಗ ಇಲ್ಲಿ ರೊಟ್ಟಿ ಪೇರಿಸಿಟ್ಟುಕೊಂಡು ಕೂತಿರುವ ಅಕ್ಕಂದಿರ ಲೆಕ್ಕಕ್ಕೆ ಬರೋಣ. ಹಿಂಗಾರಿ ಜೋಳದ ರಾಶಿ ಮುಗಿದು ಮಾರುಕಟ್ಟೆಗೆ ಬರುವುದು ಶಿವರಾತ್ರಿಯ ಆಸುಪಾಸು. ಆಗ ಕೈಯಲ್ಲಿ ರೊಕ್ಕ ಇದ್ದವರು ಕ್ವಿಂಟಲ್ ಲೆಕ್ಕದಲ್ಲಿ ಕೊಂಡು, ಒಣಗಿಸಿ, ಬೇವಿನ ಸೊಪ್ಪು ಹಾಕಿ ವರ್ಷಕ್ಕೆ ತುಂಬಿಡುತ್ತಾರೆ. ಇಲ್ಲದವರು ಕಿರಾಣಿ ಅಂಗಡಿಯಿಂದ ಐದು ಕಿಲೋ, ಹತ್ತು ಕಿಲೋ ತರುತ್ತಾರೆ. ರೊಟ್ಟಿ ಅದೇ, ಬಡಿಯುವ ಕೈಯೂ ಅದೇ. ಲಾಭ ಮಾತ್ರ ಅಂಗಡಿಯವನ ಪಾಲು. ಇವರಿಗೆ ಸಾಲ ಬೇಕಾದದ್ದು ಶಿವರಾತ್ರಿಗೆ. ಅರ್ಜಿ, ಪರಿಶೀಲನೆ, ‘ನಾಳೆ ಬರ್ರಿ’ ಎಲ್ಲ ಮುಗಿದು ಮಂಜೂರಾಗಿ ಬರುವುದು ಜೂನ್ ತಿಂಗಳಿಗೆ. ಜೂನ್ ಎಂದರೆ ಸಾಲೀ ಫೀ, ಪುಸ್ತಕ, ಸಮವಸ್ತ್ರ. ಆ ರೊಕ್ಕ ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕೆ? ಆಮೇಲೆ ನಾವೇ ‘ವ್ಯಾಪಾರಕ್ಕೆ ಕೊಟ್ಟ ಸಾಲವನ್ನು ಮನೆಗೆ ಬಳಸಿಕೊಂಡರು’ ಎಂದು ವರದಿ ಬರೆಯುತ್ತೇವೆ.

ಬಡವರಿಗೆ ಸಾಲ ಸಿಗುತ್ತಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಾಲ ಸಿಗುತ್ತದೆ, ಹೊತ್ತಿಗೆ ಸಿಗುವುದಿಲ್ಲ. ಹೊತ್ತಿಗೆ ಸಿಗುವ ಸಾಲ ಕೊಡುವವನು ಒಬ್ಬನೇ, ಮೀಟರ್ ಬಡ್ಡಿಯವನು. ಬೆಳಗ್ಗೆ ಕಾಯಿಪಲ್ಯೆ ಮಾರುಕಟ್ಟೆಯಲ್ಲಿ 900 ರೂಪಾಯಿ ಕೊಟ್ಟು ಸಂಜೆ 1,000 ಇಸಿದುಕೊಳ್ಳುವ ದಂಧೆ ನಿಮಗೆ ಹೊಸದಲ್ಲ. ತಿಂಗಳಿಗೆ 25 ದಿನ ವ್ಯಾಪಾರ ಎಂದು ಹಿಡಿದರೆ 900 ರೂಪಾಯಿಗೆ 2,500 ರೂಪಾಯಿ ಬಡ್ಡಿ. ಅವನು ಆಧಾರ್ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ, ನಸುಕಿನ ನಾಲ್ಕಕ್ಕೇ ಬಂದು ನಿಂತಿರುತ್ತಾನೆ. ಬ್ಯಾಂಕಿನ ಮಿತ್ರರು ಬೇಜಾರು ಮಾಡಿಕೊಳ್ಳಬಾರದು, ಸೇವೆ ಎಂದರೆ ಏನೆಂದು ಅವನಿಂದ ಕಲಿಯಬೇಕು. ಬಡ್ಡಿಯನ್ನಲ್ಲ ಮತ್ತೆ!

2020ರಲ್ಲಿ ಬೀದಿ ವ್ಯಾಪಾರಿಗಳಿಗೆಂದು ಬಂದ ಪಿಎಂ ಸ್ವನಿಧಿ ಯೋಜನೆಯನ್ನು ಈ ಕಾರಣಕ್ಕೇ ನಾನು ಮೆಚ್ಚುತ್ತೇನೆ. ಜಾಮೀನಿಲ್ಲದ ಸಾಲ. ಮೊದಲ ಸಲ 10,000 ಇದ್ದದ್ದನ್ನು 2025ರಲ್ಲಿ 15,000ಕ್ಕೆ ಏರಿಸಿದರು. ಅದನ್ನು ತೀರಿಸಿದವರಿಗೆ 25,000, ಆಮೇಲೆ 50,000. ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ. 7 ಸಹಾಯಧನ. ಮೊದಲ 15,000ವನ್ನು ವರ್ಷದ ಕಂತಿನಲ್ಲಿ ತೀರಿಸಲು ದಿನಕ್ಕೆ 45-50 ರೂಪಾಯಿ ತೆಗೆದಿಟ್ಟರೆ ಸಾಕು. ಮೀಟರ್ ಬಡ್ಡಿಗೆ ದಿನಾ ನೂರು ಎಣಿಸುತ್ತಿದ್ದವರಿಗೆ ಇದು ಭಾರವೇನಲ್ಲ. ಆದರೆ ಒಂದು ಮಾತು. ಮೊದಲ ಸಾಲ ವ್ಯಾಪಾರವನ್ನು ಬೆಳೆಸುವುದಿಲ್ಲ, ಬಡ್ಡಿಯವನ ಕೈಯಿಂದ ಬಿಡಿಸುತ್ತದೆ, ಅಷ್ಟೆ. ಹೊಸ ಗಾಡಿ, ದೊಡ್ಡ ಬಾಣಲೆ, ಇನ್ನೊಬ್ಬ ಆಳು ಎಂಬ ಯೋಚನೆ ಬರುವುದು ಎರಡು, ಮೂರನೆಯ ಸಲಕ್ಕೆ. ಆದ್ದರಿಂದ ಮೊದಲ ಸಾಲ ಎಷ್ಟು ಜನಕ್ಕೆ ಕೊಟ್ಟೆವು ಎಂಬ ಫಲಕವನ್ನು ಇಳಿಸಿ, ಮೂರನೆಯ ಸಾಲದವರೆಗೆ ಎಷ್ಟು ಜನ ಬಂದರು ಎಂಬುದನ್ನು ಬರೆಯಿರಿ. ಕೆಲಸ ಆಗಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ.

ಮೈಕ್ರೋಫೈನಾನ್ಸಿನ ವಿಷಯ ನೀವೇ ಬಲ್ಲಿರಿ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದ ಸಾಲ, ಅದನ್ನು ತೀರಿಸಲು ಮತ್ತೊಂದು. ವಸೂಲಿಗೆ ಬಂದವರು ಬಾಗಿಲಲ್ಲಿ ಕೂಗಾಡಿದ್ದಕ್ಕೆ ಊರು ಬಿಟ್ಟು ಹೋದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ರಾಜ್ಯ ಸರ್ಕಾರ 2025ರಲ್ಲಿ ಇದಕ್ಕೆಂದೇ ಕಾನೂನು ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಮನೆಯ ಸಾಲದ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಕಾನೂನು ಬೇಕಿತ್ತು. ಆದರೆ ಪೊಲೀಸರು ಸಾಲ ಕೊಡುವುದಿಲ್ಲವಲ್ಲ! ಬ್ಯಾಂಕು ಮುಂದೆ ಬಾರದಿದ್ದರೆ ಆ ಜಾಗಕ್ಕೆ ಮೀಟರ್ ಬಡ್ಡಿಯವನೇ ಮರಳುತ್ತಾನೆ.

ಇನ್ನು ಯಾರೂ ಸಾಲವೆಂದು ಕರೆಯದ ಒಂದು ಸಾಲವಿದೆ. ರೊಟ್ಟಿ ಅಕ್ಕ ಖಾನಾವಳಿಗೆ ದಿನಾ ರೊಟ್ಟಿ ಹಾಕುತ್ತಾಳೆ. ಮಾಲಕರು ತಿಂಗಳಿಗೊಮ್ಮೆ ಹಣ ಕೊಡುತ್ತಾರೆ, ಕೆಲವೊಮ್ಮೆ ಎರಡು ತಿಂಗಳಿಗೆ. ವಾರ ವಾರ ಕಂತು ಕಟ್ಟಬೇಕಾದ ಹೆಂಗಸು ಖಾನಾವಳಿಯವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು ಕೂತಿದ್ದಾಳೆ. ಇದು ಉದ್ರಿಯ ಹೆಸರಿನಲ್ಲಿ ನಡೆಯುವ ಅನ್ಯಾಯ ಎನ್ನದೆ ವಿಧಿಯಿಲ್ಲ. ಸಣ್ಣ ಉತ್ಪಾದಕರಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ತಡ ಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ಸಿಗಬೇಕಾದರೆ ‘ಉದ್ಯಮ್’ ನೋಂದಣಿ ಇರಬೇಕು. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ಸಾವಿರ ರೂಪಾಯಿ ಕೇಳಿದರೆ ಕೊಡಬೇಡಿ.

ಬ್ಯಾಂಕಿನ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಊಟಕ್ಕೆ ಹೋಗುವ ಮುಂಚೆ ಒಂದೊಂದು ಮಳಿಗೆಯ ಮುಂದೆ ಅರ್ಧ ತಾಸು ಕೂತು, ದಿನಕ್ಕೆ ಎಷ್ಟು ಬರುತ್ತದೆ, ಯಾವ ತಿಂಗಳು ರೊಕ್ಕ ಬೇಕು, ಯಾವ ತಿಂಗಳು ಕಟ್ಟಲು ಸಲೀಸು ಎಂದು ಕೇಳಿ ಬರೆದುಕೊಳ್ಳಿ. ಫೋನ್‌ಪೇ ಸ್ಕ್ಯಾನರ್ ಪ್ರತಿ ಮೇಜಿನ ಮೇಲೂ ಇದೆ, ಆರು ತಿಂಗಳ ವಹಿವಾಟು ಅವರ ಮೊಬೈಲಿನಲ್ಲೇ ಸಿಗುತ್ತದೆ. ಪಿಗ್ಮಿ ಏಜೆಂಟನಿಗೆ ಗೊತ್ತಿದ್ದದ್ದು ನಿಮಗೂ ಗೊತ್ತಾಗುತ್ತದೆ.

ಊರ ಮಹಾಜನರಲ್ಲಿಯೂ ಒಂದು ಮಾತು. ಮಲ್ಟಿಪ್ಲೆಕ್ಸಿನಲ್ಲಿ ಚೌಕಾಸಿ ಮಾಡದ ನಾವು ಶೇಂಗಾ ಚಟ್ನಿಯ ಮುಂದೆ ಐದು ರೂಪಾಯಿಗೆ ಜಗ್ಗಾಡುವುದು ಬೇಡ. ಹಳೆಯ ಬಾಕಿ ಇದ್ದವರು ಇವತ್ತೇ ತೀರಿಸಿ. ಮೇಳ ಉದ್ಘಾಟನೆಯಾಗಿದೆ. ಎದ್ದು ಬನ್ನಿ, ಕೊಳ್ಳಿ, ಉದ್ರಿ ಮಾತ್ರ ಕೇಳಬೇಡಿ.